ಕ್ಯಾಲೆಂಡರ್ ಬಂತು, ಬ್ರೌಸರ್ ಕೊಡಲಿಲ್ಲ

ಇದು ವೆಬ್ ಕೆಲಸ ಮಾಡುವವರ ಒಂದು ಸಣ್ಣ ಸಭೆಯಲ್ಲಿ ನಾನು ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ತೆರೆಯ ಮೇಲೆ ತೋರಿಸಿದ ಕೋಡ್ ಇಲ್ಲಿಲ್ಲ. ಅದನ್ನು ಮಾತಿನಲ್ಲೇ ಹೇಳಿದ್ದೇನೆ.

ಎಲ್ಲರಿಗೂ ನಮಸ್ಕಾರ.

ವೆಬ್ ಪುಟದಲ್ಲಿ ಇನ್ನೊಂದು ಕಡೆಯ ಕ್ಯಾಲೆಂಡರ್ ತೋರಿಸುವ ಕೆಲಸ ಮಾಡಿದವರು ಕೈ ಎತ್ತಿ. ಪರವಾಗಿಲ್ಲ, ಅರ್ಧ ಸಭೆ ಇದೆ. ಮೊದಲ ಸಲಕ್ಕೇ ಬಂತು ಅನ್ನುವವರು ಹಾಗೇ ಎತ್ತಿಟ್ಟುಕೊಳ್ಳಿ. ಒಬ್ಬರೂ ಇಲ್ಲ. ಸರಿ, ನಾವೆಲ್ಲ ಒಂದೇ ದೋಣಿಯವರು.

ನನ್ನ ಪಾಡು ಹೇಳುತ್ತೇನೆ. ಒಂದು ಸಂಘದವರ ಪುಟ ಮಾಡಿಕೊಡುತ್ತಿದ್ದೆ. ಅವರ ಕಾರ್ಯಕ್ರಮಗಳೆಲ್ಲ ಒಂದು ಆನ್‌ಲೈನ್ ಕ್ಯಾಲೆಂಡರಿನಲ್ಲಿದ್ದವು. ಮುಂದಿನ ಐದು ಕಾರ್ಯಕ್ರಮ ಪುಟದಲ್ಲಿ ತಾನಾಗಿಯೇ ಬರಬೇಕು, ಅಷ್ಟೇ. ಕ್ಯಾಲೆಂಡರಿನ ಸೆಟ್ಟಿಂಗ್ಸ್‌ನಲ್ಲಿ ಐಸಿಎಸ್ ವಿಳಾಸ, ಅಂದರೆ ಕಾರ್ಯಕ್ರಮಗಳನ್ನು ಫೈಲಾಗಿ ಕೊಡುವ ವಿಳಾಸ, ಸಿಕ್ಕಿತು. ಬ್ರೌಸರಿನಲ್ಲಿ ಅಂಟಿಸಿದೆ, ಫೈಲ್ ಇಳಿಯಿತು. ಕಮಾಂಡ್ ಲೈನಿನಲ್ಲಿ ಕರ್ಲ್ ಎಂಬ ಟೂಲ್‌ನಿಂದ ತರಿಸಿದೆ, ಅಲ್ಲೂ ಬಂತು. ಅದೇ ವಿಳಾಸವನ್ನು ಪುಟದ ಜಾವಾಸ್ಕ್ರಿಪ್ಟ್‌ನಲ್ಲಿ ಬೇರೆ ಕಡೆಯಿಂದ ಡೇಟಾ ತರುವ ಫೆಚ್ ಎಂಬ ಫಂಕ್ಷನ್‌ಗೆ ಕೊಟ್ಟೆ. ಬ್ರೌಸರ್ ದೋಷ ತೋರಿಸುವ ಕನ್ಸೋಲಿನಲ್ಲಿ ಕೆಂಪು ಸಾಲು: ಕಾರ್ಸ್ ಪಾಲಿಸಿ ತಡೆದಿದೆ, ಆಕ್ಸೆಸ್-ಕಂಟ್ರೋಲ್-ಅಲೋ-ಒರಿಜಿನ್ ಹೆಡರ್ ಇಲ್ಲ. ಕಾರ್ಸ್ ಎಂದರೆ ಒಂದು ಸೈಟಿನ ಡೇಟಾವನ್ನು ಇನ್ನೊಂದು ಸೈಟಿನ ಪುಟ ಓದಲು ಬಿಡುವ ನಿಯಮ. ಹೆಡರ್ ಎಂದರೆ ರಿಕ್ವೆಸ್ಟ್ ಅಥವಾ ಉತ್ತರದ ಜೊತೆ ಹೋಗುವ ಟಿಪ್ಪಣಿ.

ಹೆಡರ್ ಇಲ್ಲ ಅಂದರೆ ಹಾಕೋಣ, ಅದರಲ್ಲೇನಿದೆ ಅಂದುಕೊಂಡೆ. ನನ್ನ ರಿಕ್ವೆಸ್ಟ್‌ಗೇ ಆ ಹೆಡರ್ ಸೇರಿಸಿದೆ. ನಗುತ್ತಿರುವವರೂ ಇದನ್ನು ಮಾಡಿದ್ದೀರಿ ಅಂತ ನನಗೆ ಗೊತ್ತು. ದೋಷ ಹೋಗಲಿಲ್ಲ, ಕೆಂಪು ಸಾಲು ಇನ್ನೂ ಉದ್ದವಾಯಿತು. ಎರಡು ಸಂಜೆ ಹೀಗೇ ಕಳೆದವು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅಂತಾರಲ್ಲ, ನಾನು ಮಾಡಿದ್ದು ಅದನ್ನೇ. ದೋಷ ಕಾಣುವುದು ನನ್ನ ಪುಟದಲ್ಲಿ. ಅನುಮತಿ ಕೊಡಬೇಕಾದವನು ಕ್ಯಾಲೆಂಡರಿನ ಸರ್ವರ್. ಆ ಹೆಡರ್ ಅವನ ಉತ್ತರದಲ್ಲಿ ಇರಬೇಕು, ನನ್ನ ಪ್ರಶ್ನೆಯಲ್ಲಲ್ಲ. ಇವತ್ತು ನಾನು ಹೇಳುವುದೆಲ್ಲ ಈ ಒಂದು ಮಾತಿನ ಸುತ್ತಲೇ ತಿರುಗುತ್ತದೆ. ಕೆಂಪು ಸಾಲು ಎಲ್ಲಿ ಕಾಣುತ್ತದೋ ಅಲ್ಲಿ ಅದರ ಮದ್ದು ಇರುವುದು ತುಂಬಾ ಕಡಿಮೆ.

ಮೊದಲು ಈ ಕಾವಲು ಯಾಕಿದೆ ಅನ್ನುವುದನ್ನು ನೋಡೋಣ. ಇದು ಹೊಸದೇನಲ್ಲ. ಜಾವಾಸ್ಕ್ರಿಪ್ಟ್ ಹುಟ್ಟಿದ್ದು ನೆಟ್‌ಸ್ಕೇಪ್ ನ್ಯಾವಿಗೇಟರ್ 2ರ ಕಾಲದಲ್ಲಿ, 1990ರ ದಶಕದ ನಡುವೆ. ಪುಟಕ್ಕೆ ಕೋಡ್ ಓಡಿಸುವ ಶಕ್ತಿ ಬಂದ ಕೂಡಲೇ ಒಂದು ಭಯವೂ ಬಂತು. ನೀವು ಒಂದು ಟ್ಯಾಬಿನಲ್ಲಿ ಮೇಲ್‌ಗೆ ಲಾಗಿನ್ ಆಗಿದ್ದೀರಿ. ಪಕ್ಕದ ಟ್ಯಾಬಿನಲ್ಲಿ ಯಾವುದೋ ಆಟದ ಪುಟ ತೆರೆದಿದೆ. ಆ ಆಟದ ಪುಟದ ಕೋಡ್ ನಿಮ್ಮ ಮೇಲ್ ಸರ್ವರಿಗೆ ರಿಕ್ವೆಸ್ಟ್ ಕಳಿಸಿದರೆ, ಅದರ ಜೊತೆ ನೀವು ಲಾಗಿನ್ ಆಗಿದ್ದೀರಿ ಎಂದು ತೋರಿಸುವ ನಿಮ್ಮ ಕುಕಿಯೂ ಹೋದರೆ, ಬಂದ ಉತ್ತರವನ್ನು ಓದಿಕೊಂಡರೆ? ಅದಕ್ಕೇ ಬ್ರೌಸರ್ ಒಂದು ಗೆರೆ ಎಳೆಯಿತು. ಒಂದು ಒರಿಜಿನ್‌ನ ಪುಟ ಇನ್ನೊಂದು ಒರಿಜಿನ್‌ನ ಡೇಟಾ ಓದಬಾರದು.

ಒರಿಜಿನ್ ಎಂದರೆ ಮೂರು ಸೇರಿ ಒಂದು. ಎಚ್‌ಟಿಟಿಪಿಯೋ ಎಚ್‌ಟಿಟಿಪಿಎಸ್ಸೋ ಎಂಬುದು, ಹೋಸ್ಟ್‌ನ ಹೆಸರು, ಪೋರ್ಟ್ ನಂಬರ್. ಇದನ್ನು 2011ರಲ್ಲಿ ಆರ್‌ಎಫ್‌ಸಿ 6454 ಎಂಬ ದಾಖಲೆಯಲ್ಲಿ ಸರಿಯಾಗಿ ಬರೆದಿಟ್ಟರು. ಮೂರರಲ್ಲಿ ಒಂದು ಬೇರೆಯಾದರೂ ಸಾಕು, ಬ್ರೌಸರಿನ ಕಣ್ಣಿಗೆ ಅದು ಬೇರೆಯವರ ಮನೆ. ಡಬ್ಲ್ಯುಡಬ್ಲ್ಯುಡಬ್ಲ್ಯು ಇರುವ ಹೆಸರು, ಇಲ್ಲದ ಹೆಸರು ಎರಡೂ ಬೇರೆ. ಲೋಕಲ್‌ಹೋಸ್ಟ್ ಮತ್ತು 127.0.0.1 ಒಂದೇ ಯಂತ್ರ, ಆದರೆ ಒರಿಜಿನ್ ಬೇರೆ. ಲೋಕಲ್‌ಹೋಸ್ಟ್ 3000 ಮತ್ತು ಲೋಕಲ್‌ಹೋಸ್ಟ್ 8080 ಕೂಡ ಬೇರೆ. ನಮ್ಮ ಕಣ್ಣಿಗೆ ಒಂದೇ ಅನ್ನಿಸುವುದು ಬ್ರೌಸರಿಗೆ ಹಾಗನ್ನಿಸುವುದಿಲ್ಲ.

ಇಲ್ಲಿ ಜಾಸ್ತಿ ಜನ ತಪ್ಪು ತಿಳಿಯುವ ಒಂದು ವಿಷಯವಿದೆ. ನನ್ನ ಆ ಸರಳ ಫೆಚ್ ವಿಷಯದಲ್ಲಿ ರಿಕ್ವೆಸ್ಟ್ ಹೋಗುತ್ತದೆ. ಸರ್ವರ್ ಉತ್ತರ ಕೊಡುತ್ತದೆ. ಸರ್ವರಿನ ಲಾಗ್‌ನಲ್ಲಿ 200, ಅಂದರೆ ಎಲ್ಲ ಸರಿ, ಅಂತ ಬಿದ್ದಿರುತ್ತದೆ. ಕ್ಯಾಲೆಂಡರ್ ನನ್ನ ಯಂತ್ರದ ತನಕ ಬಂದು ಬಾಗಿಲಲ್ಲಿ ನಿಂತಿರುತ್ತದೆ. ಉತ್ತರದ ಹೆಡರಿನಲ್ಲಿ ಈ ಒರಿಜಿನ್‌ಗೆ ಓದಲು ಬಿಡಬಹುದು ಅಂತ ಇದೆಯಾ ಎಂದು ಬ್ರೌಸರ್ ನೋಡುತ್ತದೆ. ಇಲ್ಲದಿದ್ದರೆ ಪುಟದ ಕೋಡ್‌ಗೆ ಕೊಡುವುದಿಲ್ಲ. ಆಗ ಸಿಗುವುದು ‘ಫೇಲ್ಡ್ ಟು ಫೆಚ್’ ಎಂಬ ಒಂದು ಒಣ ಮಾತು. ಕಾರಣ ಬೇಕೆಂದೇ ಹೇಳುವುದಿಲ್ಲ. ಹೇಳಿದರೆ ಅದೂ ಒಂದು ಸುಳಿವಾಗುತ್ತದೆ, ಒಳಗಿನ ನೆಟ್‌ವರ್ಕ್‌ನಲ್ಲಿ ಏನಿದೆ ಏನಿಲ್ಲ ಅಂತ ಕೆಟ್ಟ ಪುಟ ತಿಳಿದುಕೊಳ್ಳಬಹುದು. ಹಾಗಾಗಿ ಕೋಡ್‌ನಲ್ಲಿ ದೋಷ ಹಿಡಿದು ಕಾರಣ ಪ್ರಿಂಟ್ ಮಾಡಿಸುತ್ತೇನೆ ಎಂದು ಕೂರಬೇಡಿ. ಕಾರಣ ಇರುವುದು ಡೆವಲಪರ್ ಟೂಲ್ಸ್‌ನಲ್ಲಿ, ಅದು ಮನುಷ್ಯರ ಕಣ್ಣಿಗೆ ಮಾತ್ರ.

ಕರ್ಲ್‌ನಲ್ಲಿ ಯಾಕೆ ಬರುತ್ತದೆ ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ. ಈ ಕಾವಲು ಸರ್ವರಿನದ್ದಲ್ಲ, ಬ್ರೌಸರಿನದ್ದು. ಕರ್ಲ್‌ನ ಒಳಗೆ ಅಪರಿಚಿತ ಪುಟದ ಕೋಡ್ ಓಡುವುದಿಲ್ಲ, ಬೇರೆ ಟ್ಯಾಬಿನ ಕುಕಿ ಇರುವುದಿಲ್ಲ. ಅಲ್ಲಿ ಯಾರಿಂದ ಯಾರನ್ನು ಕಾಯಬೇಕು? ಪೋಸ್ಟ್‌ಮ್ಯಾನ್ ಎಂಬ ಟೂಲ್‌ನಲ್ಲಿ ಬರುತ್ತದೆ ಅನ್ನುವವರಿಗೂ ಇದೇ ಉತ್ತರ. ಅಲ್ಲಿ ಬಂತು ಅಂದರೆ ವಿಳಾಸ ಸರಿ ಇದೆ ಅಂತ ಮಾತ್ರ ಅರ್ಥ.

ಸ್ವಲ್ಪ ಹಳೆಯ ಕಥೆ. ಯಾಕೆಂದರೆ ನೀವು ಹುಡುಕಿದಾಗ ಸಿಗುವ ಅರ್ಧ ಉತ್ತರಗಳು ಆ ಕಾಲದವು. ಸ್ಕ್ರಿಪ್ಟ್ ಟ್ಯಾಗ್‌ಗೆ ಈ ಗೆರೆ ಅನ್ವಯಿಸುತ್ತಿರಲಿಲ್ಲ, ಯಾವ ಸೈಟಿನ ಸ್ಕ್ರಿಪ್ಟ್ ಬೇಕಾದರೂ ಹಾಕಬಹುದಿತ್ತು. ಆ ಸಂದಿಯಲ್ಲಿ ನುಸುಳುವ ಉಪಾಯವೇ ಜೇಸನ್-ಪಿ. 2005ರಲ್ಲಿ ಬಾಬ್ ಇಪ್ಪೊಲಿಟೊ ಇದಕ್ಕೆ ಆ ಹೆಸರಿಟ್ಟು ಮುಂದಿಟ್ಟರು. ಸರ್ವರ್ ಡೇಟಾವನ್ನು ಬರೀ ಡೇಟಾ ಆಗಿ ಕೊಡದೆ, ನೀವು ಹೇಳಿದ ಫಂಕ್ಷನ್ ಹೆಸರಿನಲ್ಲಿ ಸುತ್ತಿ ಸ್ಕ್ರಿಪ್ಟ್ ಮಾಡಿ ಕೊಡುತ್ತದೆ. ಗೂಗಲ್ ಕ್ಯಾಲೆಂಡರ್ ಶುರುವಾದದ್ದು 2006ರಲ್ಲಿ. ಅದರ ಹಳೆಯ ಫೀಡ್‌ಗಳು ಹೀಗೆ ಸುತ್ತಿ ಕೊಡುತ್ತಿದ್ದವು. ಆ ಹಳೆಯ ಎಪಿಐ, ಅಂದರೆ ಕೋಡ್ ಡೇಟಾ ಕೇಳುವ ಬಾಗಿಲು, 2014ರ ನವೆಂಬರಿನಲ್ಲಿ ಮುಚ್ಚಿತು. ಆದರೆ ಅದನ್ನು ಬಳಸಿ ಅಂತ ಹೇಳುವ ಬರಹಗಳು ಮುಚ್ಚಲಿಲ್ಲ! ವಿಳಾಸದಲ್ಲಿ ‘ಫೀಡ್ಸ್’ ಅಂತ ಇದ್ದು, ಕೊನೆಗೆ ‘ಆಲ್ಟ್ ಈಕ್ವಲ್ಸ್ ಜೇಸನ್-ಇನ್-ಸ್ಕ್ರಿಪ್ಟ್’ ಅಂತ ಕಂಡರೆ ಆ ಬರಹವನ್ನು ಅಲ್ಲೇ ಬಿಡಿ. ಅದು ಸತ್ತ ದಾರಿ.

ಕಾರ್ಸ್ ಎಂಬುದು ಈ ಕಳ್ಳದಾರಿಗೆ ಬದಲಾಗಿ ಬಂದ ರಾಜಮಾರ್ಗ. ವೆಬ್ ನಿಯಮಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ ಇದನ್ನು 2014ರ ಜನವರಿಯಲ್ಲಿ ಶಿಫಾರಸು ಮಾಡಿತು. ಈಗ ಅದರ ನಿಯಮಗಳು ಫೆಚ್ ಸ್ಟ್ಯಾಂಡರ್ಡ್‌ನ ಒಳಗಿವೆ. ಒಂದು ತಮಾಷೆ ಅಂದರೆ, ಎಲ್ಲರೂ ಕಾರ್ಸ್ ತಡೆಯಿತು ಅಂತ ಬೈಯುತ್ತಾರೆ. ತಡೆಯುವುದು ಆಗಲೇ ಹೇಳಿದ ಆ ಹಳೆಯ ಗೆರೆ, ಸೇಮ್-ಒರಿಜಿನ್ ನಿಯಮ. ಕಾರ್ಸ್ ಬಂದದ್ದು ಬಾಗಿಲು ತೆರೆಯಲು. ಪಾಪ, ಬಾಗಿಲು ತೆರೆಯದಿದ್ದಾಗ ಮಾತ್ರ ಅದರ ಹೆಸರು ನೆನಪಾಗುತ್ತದೆ.

ಸರಿ, ಈಗ ಕೆಲಸಕ್ಕೆ ಬರೋಣ. ಕೆಂಪು ಸಾಲು ಬಂದಿದೆ. ಏನು ಮಾಡಬೇಕು?

ಕೋಡ್ ಮುಟ್ಟಬೇಡಿ. ಮೊದಲು ಕೆಂಪು ಸಾಲನ್ನು ಪೂರ್ತಿ ಓದಿ. ಅದರಲ್ಲಿ ಎರಡು ವಿಳಾಸ ಇರುತ್ತವೆ. ಒಂದು ನಿಮ್ಮ ಪುಟದ್ದು, ಇನ್ನೊಂದು ತಡೆದ ವಿಳಾಸ. ಆ ಎರಡನೆಯದು ನೀವು ಕೇಳಿದ ವಿಳಾಸವೇನಾ? ಎಷ್ಟೋ ಸಲ ಅಲ್ಲ. ನೀವು ಕ್ಯಾಲೆಂಡರ್ ಕೇಳಿರುತ್ತೀರಿ, ಅಲ್ಲಿ ಲಾಗಿನ್ ಪುಟದ ವಿಳಾಸ ಕಾಣುತ್ತದೆ. ಅಂದರೆ ಸರ್ವರ್ ನಿಮ್ಮನ್ನು ರೀಡೈರೆಕ್ಟ್ ಮಾಡಿದೆ, ಬೇರೆ ವಿಳಾಸಕ್ಕೆ ಕಳಿಸಿದೆ. ಲಾಗಿನ್ ಪುಟಕ್ಕೆ ಕಾರ್ಸ್ ಹೆಡರ್ ಯಾರೂ ಇಡುವುದಿಲ್ಲ, ಇಡಲೂಬಾರದು. ಬ್ರೌಸರ್ ಅಲ್ಲಿ ಎಡವಿ ಕಾರ್ಸ್ ದೋಷ ಅನ್ನುತ್ತದೆ. ನಿಜವಾದ ದೋಷ ಏನು? ಆ ಕ್ಯಾಲೆಂಡರ್ ಪಬ್ಲಿಕ್ ಆಗಿಲ್ಲ, ಅಷ್ಟೇ.

ಇದನ್ನು ನೋಡಲು ಸುಲಭದ ದಾರಿ ಇದೆ. ಪ್ರೈವೇಟ್ ವಿಂಡೋ ತೆರೆದು ಅದೇ ವಿಳಾಸ ಅಂಟಿಸಿ. ಮಾಮೂಲಿ ವಿಂಡೋದಲ್ಲಿ ನೀವು ಲಾಗಿನ್ ಆಗಿರುತ್ತೀರಿ, ಅಲ್ಲಿ ಬಂದದ್ದನ್ನು ನಂಬಬೇಡಿ. ಪ್ರೈವೇಟ್ ವಿಂಡೋದಲ್ಲಿ ಲಾಗಿನ್ ಕೇಳಿದರೆ, ಇಲ್ಲವೇ 404 ಬಂದರೆ, ಕಾರ್ಸ್ ಬಗ್ಗೆ ಯೋಚಿಸುವ ಅಗತ್ಯವೇ ಇಲ್ಲ. ಮೊದಲು ಕ್ಯಾಲೆಂಡರಿನ ಹಂಚಿಕೆ ಸೆಟ್ಟಿಂಗ್ ಸರಿ ಮಾಡಿ. ನನ್ನ ಅನುಭವದಲ್ಲಿ ಕಾರ್ಸ್ ದೋಷ ಎಂದು ನನ್ನ ಬಳಿ ಬಂದ ದೂರುಗಳಲ್ಲಿ ಬಹಳಷ್ಟು ಇಂಥವೇ. ದೋಷದ ಉತ್ತರಗಳಲ್ಲಿ, ಅಂದರೆ 403, 404, 500ರಲ್ಲಿ, ಎಷ್ಟೋ ಸರ್ವರ್‌ಗಳು ಕಾರ್ಸ್ ಹೆಡರ್ ಹಾಕುವುದಿಲ್ಲ. ಹಾಗಾಗಿ ಏನೇ ಆದರೂ ಕನ್ಸೋಲಿನಲ್ಲಿ ಕಾರ್ಸ್ ಎಂದೇ ಕಾಣುತ್ತದೆ.

ಮುಂದಿನದು ನೆಟ್‌ವರ್ಕ್ ಟ್ಯಾಬ್. ಆ ರಿಕ್ವೆಸ್ಟ್‌ನ ಮೇಲೆ ಒತ್ತಿ, ಸ್ಟೇಟಸ್ ನಂಬರ್ ನೋಡಿ, ಉತ್ತರದ ಹೆಡರ್‌ಗಳನ್ನು ನೋಡಿ. ಆಮೇಲೆ ಕರ್ಲ್‌ನಲ್ಲಿ ಒರಿಜಿನ್ ಎಂಬ ಹೆಡರ್ ಕೈಯಿಂದಲೇ ಸೇರಿಸಿ ನಿಮ್ಮ ಪುಟದ ಹೆಸರು ಕೊಟ್ಟು ಕೇಳಿ. ಕೆಲವು ಸರ್ವರ್‌ಗಳು ಒರಿಜಿನ್ ಹೆಡರ್ ಇದ್ದರೆ ಮಾತ್ರ ಅನುಮತಿ ಹೆಡರ್ ಕಳಿಸುತ್ತವೆ. ಸುಮ್ನೆ ಕರ್ಲ್ ಮಾಡಿ ಹೆಡರ್ ಇಲ್ಲ ಅಂದುಕೊಂಡರೆ ಮೋಸ ಹೋಗುತ್ತೀರಿ.

ಈ ಹಂತದಲ್ಲೇ ಪಟ್ಟನೆ ನೋಡಿ ಮುಗಿಸಬಹುದಾದ ಕೆಲವು ಇವೆ. ವಿಳಾಸ ‘ವೆಬ್‌ಕ್ಯಾಲ್’ ಅಂತ ಶುರುವಾಗುತ್ತಿದೆಯಾ? ಅದು ಕ್ಯಾಲೆಂಡರ್ ಆಪ್ ತೆರೆಯಲು ಇರುವ ಗುರುತು, ಫೆಚ್‌ಗೆ ಅದು ಗೊತ್ತಿಲ್ಲ. ಎಚ್‌ಟಿಟಿಪಿಎಸ್ ಮಾಡಿ ನೋಡಿ. ನಿಮ್ಮ ಪುಟ ಎಚ್‌ಟಿಟಿಪಿಎಸ್ ಇದ್ದು ಕ್ಯಾಲೆಂಡರ್ ಬರೀ ಎಚ್‌ಟಿಟಿಪಿ ಇದ್ದರೆ ಅದು ಮಿಕ್ಸೆಡ್ ಕಂಟೆಂಟ್ ಎಂಬ ಬೇರೆಯೇ ಜಗಳ. ಪುಟವನ್ನು ಫೋಲ್ಡರ್‌ನಿಂದ ಡಬಲ್ ಕ್ಲಿಕ್ ಮಾಡಿ ತೆರೆದಿದ್ದೀರಾ? ಆಗ ಒರಿಜಿನ್ ‘ನಲ್’ ಎಂದು ಹೋಗುತ್ತದೆ, ಒಂದು ಸಣ್ಣ ಲೋಕಲ್ ಸರ್ವರ್ ಹಾಕಿಕೊಳ್ಳಿ. ಕೆಂಪು ಸಾಲಿನಲ್ಲಿ ‘ಕನೆಕ್ಟ್-ಸೋರ್ಸ್’ ಎಂಬ ಮಾತು ಕಂಡರೆ ತಡೆದದ್ದು ನಿಮ್ಮದೇ ಪುಟದ ಕಂಟೆಂಟ್ ಸೆಕ್ಯುರಿಟಿ ಪಾಲಿಸಿ, ಅಂದರೆ ಪುಟ ಎಲ್ಲಿಂದ ಏನು ತರಬಹುದು ಎಂಬ ಪಟ್ಟಿ. ಮದ್ದು ನಿಮ್ಮ ಮನೆಯಲ್ಲೇ ಇರುವ ಅಪರೂಪದ ಪ್ರಸಂಗ ಅದು, ಖುಷಿಪಡಿ.

ಎಲ್ಲ ಸರಿ, ಕ್ಯಾಲೆಂಡರ್ ಪಬ್ಲಿಕ್ ಇದೆ, 200 ಬರುತ್ತಿದೆ, ಹೆಡರ್ ಮಾತ್ರ ಇಲ್ಲ. ಗೂಗಲ್ ಕ್ಯಾಲೆಂಡರಿನ ಪಬ್ಲಿಕ್ ಐಸಿಎಸ್ ವಿಳಾಸ ಹೀಗೇ ಇದೆ. ಅದು ಕ್ಯಾಲೆಂಡರ್ ಆಪ್‌ಗಳಿಗಾಗಿ ಇರುವುದು, ಪುಟದ ಕೋಡ್‌ಗಲ್ಲ. ಎಷ್ಟು ತಲೆ ಕೆಡಿಸಿಕೊಂಡರೂ ಬ್ರೌಸರಿನಿಂದ ನೇರ ಓದಲು ಆಗುವುದಿಲ್ಲ. ಆದರೆ ಅದೇ ಕ್ಯಾಲೆಂಡರಿನ ಎಪಿಐ, ಈಗಿನ ವರ್ಶನ್ 3, ಕಾರ್ಸ್ ಹೆಡರ್ ಕೊಡುತ್ತದೆ. ಪಬ್ಲಿಕ್ ಕ್ಯಾಲೆಂಡರ್ ಆದರೆ ಒಂದು ಎಪಿಐ ಕೀ ಇದ್ದರೆ ಸಾಕು, ಲಾಗಿನ್ ಬೇಡ. ಅಂದರೆ ಒಂದೇ ಮನೆ, ಎರಡು ಬಾಗಿಲು. ಹಿಂದಿನ ಬಾಗಿಲು ತಟ್ಟುತ್ತಾ ಕೂತರೆ ಯಾರೂ ಬರುವುದಿಲ್ಲ. ಬೇರೆ ಕ್ಯಾಲೆಂಡರ್ ಸೇವೆಗಳಲ್ಲೂ ಮೊದಲು ಇದನ್ನೇ ಹುಡುಕಿ: ಪುಟಗಳಿಗೆಂದೇ ಇಟ್ಟ ಬಾಗಿಲು ಇದೆಯಾ?

ಈ ಎಪಿಐಯಲ್ಲೂ ಎಡವುವ ಜಾಗಗಳಿವೆ. ನನಗೆ ಇಷ್ಟವಾದದ್ದು ಒಂದಿದೆ. ಕ್ಯಾಲೆಂಡರ್ ಐಡಿ ವಿಳಾಸದ ಒಳಗೆ ಹೋಗುತ್ತದೆ. ರಜಾದಿನಗಳ ಕ್ಯಾಲೆಂಡರ್‌ಗಳ ಐಡಿಯಲ್ಲಿ # ಗುರುತು ಇರುತ್ತದೆ. ವಿಳಾಸದಲ್ಲಿ # ಬಂದರೆ ಅದರ ಮುಂದಿನದನ್ನು ಬ್ರೌಸರ್ ಸರ್ವರಿಗೆ ಕಳಿಸುವುದೇ ಇಲ್ಲ, ಅದು ಪುಟದೊಳಗಿನ ಗುರುತು ಅಂದುಕೊಳ್ಳುತ್ತದೆ. ನಿಮ್ಮ ಎಪಿಐ ಕೀ ಕೂಡ ಆ ಬಾಲದ ಜೊತೆಗೇ ಉದುರಿಹೋಗುತ್ತದೆ. ಅರ್ಧ ವಿಳಾಸಕ್ಕೆ ಸರ್ವರ್ ಏನು ಉತ್ತರ ಕೊಡಬೇಕು ಹೇಳಿ? # ಅನ್ನು %23 ಮಾಡಬೇಕು, @ ಅನ್ನು %40 ಮಾಡಿದರೆ ಒಳ್ಳೆಯದು. ಜಾವಾಸ್ಕ್ರಿಪ್ಟ್‌ನಲ್ಲಿ ಇದಕ್ಕೆಂದೇ ಎನ್‌ಕೋಡ್ ಮಾಡುವ ಫಂಕ್ಷನ್ ಇದೆ, ಐಡಿಯನ್ನು ಅದರೊಳಗೆ ಹಾಕಿ ತೆಗೆಯಿರಿ.

ಎಪಿಐ ಕೀ ಪುಟದಲ್ಲಿ ಎಲ್ಲರಿಗೂ ಕಾಣುತ್ತದೆ. ಅಡಗಿಸಲು ಆಗುವುದಿಲ್ಲ, ಅಡಗಿಸಿದ ಹಾಗೆ ನಟಿಸಬೇಡಿ. ಬದಲು ಅದನ್ನು ನಿಮ್ಮ ಸೈಟಿನ ರೆಫರರ್‌ಗೆ, ಅಂದರೆ ರಿಕ್ವೆಸ್ಟ್ ಯಾವ ಪುಟದಿಂದ ಬಂತು ಎಂಬ ಹೆಸರಿಗೆ, ಕಟ್ಟಿಹಾಕಿ, ಕ್ಯಾಲೆಂಡರ್ ಎಪಿಐಗೆ ಮಾತ್ರ ಸೀಮಿತ ಮಾಡಿ. ಆದರೆ ಕಟ್ಟಿಹಾಕಿದ ಮೇಲೆ 403 ಬಂದರೆ ನಿಮ್ಮ ಪುಟದ ರೆಫರರ್ ಪಾಲಿಸಿ ನೋಡಿ. ‘ನೋ-ರೆಫರರ್’ ಅಂತ ಇದ್ದರೆ ಬ್ರೌಸರ್ ನಿಮ್ಮ ಹೆಸರೇ ಹೇಳುವುದಿಲ್ಲ. ಹೆಸರು ಹೇಳದವರನ್ನು ಕಾವಲುಗಾರ ಒಳಗೆ ಬಿಡುವುದಿಲ್ಲ, ಅದು ಅವನ ಕೆಲಸ.

ಈಗ ನನ್ನ ಆ ಹೆಡರ್ ಸೇರಿಸಿದ ಪ್ರಸಂಗಕ್ಕೆ ಬರುತ್ತೇನೆ. ಕೆಂಪು ಸಾಲು ಯಾಕೆ ಉದ್ದವಾಯಿತು? ಸಾದಾ ಗೆಟ್ ರಿಕ್ವೆಸ್ಟ್ ಆದರೆ ಬ್ರೌಸರ್ ನೇರ ಕಳಿಸುತ್ತದೆ. ಅದಕ್ಕೆ ಮಾಮೂಲಿಯಲ್ಲದ ಹೆಡರ್ ಸೇರಿಸಿದರೆ ಮೊದಲು ಒಂದು ವಿಚಾರಣೆ ಕಳಿಸುತ್ತದೆ. ಆಪ್ಶನ್ಸ್ ಎಂಬ ಮೆಥಡ್‌ನಲ್ಲಿ, ಹೀಗೊಂದು ಹೆಡರ್ ಹಾಕಿಕೊಂಡು ಬರಬಹುದಾ ಅಂತ ಕೇಳುತ್ತದೆ. ಇದಕ್ಕೆ ಪ್ರೀಫ್ಲೈಟ್ ಎನ್ನುತ್ತಾರೆ. ಸರ್ವರಿಗೆ ಇದೆಲ್ಲ ಗೊತ್ತಿಲ್ಲದಿದ್ದರೆ ವಿಚಾರಣೆಯಲ್ಲೇ ಮುಗಿಯಿತು, ನಿಜವಾದ ರಿಕ್ವೆಸ್ಟ್ ಹೋಗುವುದೇ ಇಲ್ಲ. ನಾನು ಹೆಡರ್ ಹಾಕಿ ಸುಲಭದ ರಿಕ್ವೆಸ್ಟನ್ನು ಕಷ್ಟದ್ದು ಮಾಡಿದ್ದೆ. ಡೇಟಾ ಜೇಸನ್ ರೂಪದ್ದು ಎಂದು ಹೇಳುವ ಕಂಟೆಂಟ್ ಟೈಪ್ ಹಾಕಿದರೂ, ಆಥರೈಸೇಶನ್ ಹೆಡರ್ ಹಾಕಿದರೂ ಹೀಗೇ. ಗೆಟ್ ರಿಕ್ವೆಸ್ಟ್‌ಗೆ ಕಂಟೆಂಟ್ ಟೈಪ್ ಯಾಕೆ ಬೇಕು ಹೇಳಿ? ಎಲ್ಲಿಂದಲೋ ನಕಲು ಮಾಡಿದ ಕೋಡ್‌ನಲ್ಲಿ ಅದು ಇದ್ದೇ ಇರುತ್ತದೆ. ಕಿತ್ತು ಹಾಕಿ ನೋಡಿ, ಕೆಲವು ಸಲ ಅಷ್ಟಕ್ಕೇ ಸರಿಹೋಗುತ್ತದೆ.

ಪ್ರೀಫ್ಲೈಟ್‌ನ ಉತ್ತರ ರೀಡೈರೆಕ್ಟ್ ಆಗಿದ್ದರೂ ಬ್ರೌಸರ್ ಸಾಮಾನ್ಯವಾಗಿ ಒಪ್ಪುವುದಿಲ್ಲ. ವಿಳಾಸದ ಕೊನೆಯ ಒಂದು ಸ್ಲ್ಯಾಶ್ ಬಿಟ್ಟಿದ್ದಕ್ಕೆ ಸರ್ವರ್ ರೀಡೈರೆಕ್ಟ್ ಮಾಡಿ, ಅದಕ್ಕೆ ಇಡೀ ಪುಟ ನಿಂತದ್ದನ್ನು ನೋಡಿದ್ದೇನೆ. ಒಂದು ಸ್ಲ್ಯಾಶ್!

ಇನ್ನು ಜನ ಹಿಡಿಯುವ ಅಡ್ಡದಾರಿಗಳು. ಫೆಚ್‌ಗೆ ‘ನೋ-ಕಾರ್ಸ್’ ಎಂಬ ಮೋಡ್ ಇದೆ. ಹೆಸರು ಕೇಳಿದರೆ ನಮಗೆ ಬೇಕಾದದ್ದೇ ಇದು ಅನ್ನಿಸುತ್ತದೆ. ಹಾಕಿದರೆ ಕೆಂಪು ಸಾಲು ಮಾಯವಾಗುತ್ತದೆ, ಡೇಟಾವೂ ಮಾಯವಾಗುತ್ತದೆ. ಉತ್ತರದ ಸ್ಟೇಟಸ್ 0, ಒಳಗೆ ಓದಲು ಏನೂ ಇಲ್ಲ. ನನಗೆ ಓದುವುದು ಬೇಡ, ಬರೀ ಕಳಿಸಿದರೆ ಸಾಕು ಅಂತ ಬ್ರೌಸರಿಗೆ ಹೇಳಿದ ಹಾಗೆ ಅದು. ಕ್ಯಾಲೆಂಡರ್ ಓದಬೇಕಾದವರಿಗೆ ಇದರಿಂದ ಮೂರು ಕಾಸಿನ ಉಪಯೋಗ ಇಲ್ಲ.

ಬ್ರೌಸರಿನ ಭದ್ರತೆಯನ್ನೇ ಆರಿಸುವ ಫ್ಲ್ಯಾಗ್, ಹೆಡರ್ ಸೇರಿಸುವ ಎಕ್ಸ್‌ಟೆನ್ಶನ್, ಇವೂ ಇವೆ. ಇವು ನಿಮ್ಮ ಯಂತ್ರದಲ್ಲಿ ಮಾತ್ರ ನಡೆಯುತ್ತವೆ. ನಿಮ್ಮ ಪುಟಕ್ಕೆ ಬರುವವರ ಬ್ರೌಸರ್ ನಿಮ್ಮ ಕೈಲಿಲ್ಲ, ಅಲ್ವಾ? ಇನ್ನೂ ಕೆಟ್ಟದ್ದು ಏನೆಂದರೆ, ಆನ್ ಮಾಡಿದ್ದನ್ನು ಮರೆತು ಅದೇ ಬ್ರೌಸರಿನಲ್ಲಿ ಬ್ಯಾಂಕ್ ಕೆಲಸ ಮಾಡುತ್ತೀರಿ.

ಮೂರನೆಯದು ಯಾರದೋ ಪಬ್ಲಿಕ್ ಪ್ರಾಕ್ಸಿ. ಅದರ ವಿಳಾಸದ ಕೊನೆಗೆ ಕ್ಯಾಲೆಂಡರ್ ವಿಳಾಸ ಅಂಟಿಸಿದರೆ ಅದು ತಂದು, ಹೆಡರ್ ಸೇರಿಸಿ ಕೊಡುತ್ತದೆ. ಕಾರ್ಸ್ ಎನಿವೇರ್ ಎಂಬ ಪ್ರಾಕ್ಸಿಯ ಡೆಮೊ ಸರ್ವರ್ ಬಹಳ ಹೆಸರುವಾಸಿಯಾಗಿತ್ತು. ದುರ್ಬಳಕೆ ಜಾಸ್ತಿಯಾಗಿ 2021ರ ಜನವರಿ ಕೊನೆಯಲ್ಲಿ ಅದನ್ನು ಬಿಗಿ ಮಾಡಿದರು. ಅದನ್ನೇ ನಂಬಿಕೊಂಡಿದ್ದ ಪುಟಗಳು ಒಮ್ಮೆಲೇ ನಿಂತವು. ಡೆಮೊ ಅಂತ ಬರೆದಿದ್ದರು, ತಪ್ಪು ಅವರದ್ದಲ್ಲ. ನನಗೆ ಇದಕ್ಕಿಂತ ದೊಡ್ಡ ಚಿಂತೆ ಬೇರೆ. ಕೆಲವು ಕ್ಯಾಲೆಂಡರ್‌ಗಳ ಗುಟ್ಟಿನ ಐಸಿಎಸ್ ವಿಳಾಸದಲ್ಲಿ ಒಂದು ಉದ್ದನೆಯ ಕೀ ಇರುತ್ತದೆ. ಆ ವಿಳಾಸ ಇದ್ದವರೆಲ್ಲ ಇಡೀ ಕ್ಯಾಲೆಂಡರ್ ಓದಬಹುದು. ಅದನ್ನು ಅಪರಿಚಿತರ ಪ್ರಾಕ್ಸಿಗೆ ಕೊಟ್ಟರೆ ಮನೆಯ ಕೀಲಿಕೈಯ ನಕಲು ಮಾಡಿಸಿ ಹಂಚಿದ ಹಾಗೆ. ಪುಟದ ಕೋಡ್‌ನಲ್ಲಿ ಹಾಕುವುದೂ ಅಷ್ಟೇ ತಪ್ಪು.

ಹಾಗಾದರೆ ಎಪಿಐ ಇಲ್ಲದ ಕ್ಯಾಲೆಂಡರಿಗೆ ದಾರಿ? ನಿಮ್ಮದೇ ಸರ್ವರ್. ಸರ್ವರಿನಿಂದ ಸರ್ವರಿಗೆ ಕೇಳುವಾಗ ಈ ಕಾವಲು ಇಲ್ಲ. ನಾನು ಕೊನೆಗೆ ಹಿಡಿದದ್ದೂ ಇದನ್ನೇ. ಒಂದು ಸಣ್ಣ ಸ್ಕ್ರಿಪ್ಟ್ ಹದಿನೈದು ನಿಮಿಷಕ್ಕೊಮ್ಮೆ ಐಸಿಎಸ್ ತರುತ್ತದೆ, ಬೇಕಾದಷ್ಟನ್ನು ಮಾತ್ರ ಜೇಸನ್ ಫೈಲಾಗಿ ಪುಟದ ಪಕ್ಕದಲ್ಲೇ ಇಡುತ್ತದೆ. ಪುಟ ಓದುವುದು ತನ್ನದೇ ಒರಿಜಿನ್‌ನ ಫೈಲ್. ಕಾರ್ಸ್ ಎಂಬ ಮಾತೇ ಬರುವುದಿಲ್ಲ. ಕ್ಯಾಲೆಂಡರ್ ಸೇವೆ ಸ್ವಲ್ಪ ಹೊತ್ತು ನಿಂತರೂ ಹಳೆಯ ಪಟ್ಟಿ ಕಾಣುತ್ತಿರುತ್ತದೆ. ಗುಟ್ಟಿನ ವಿಳಾಸ ಸರ್ವರಿನಲ್ಲೇ ಉಳಿಯುತ್ತದೆ.

ಇದನ್ನೇ ಪ್ರಾಕ್ಸಿ ಮಾಡುವವರು ಒಂದು ಎಚ್ಚರ ವಹಿಸಿ. ಪುಟ ಯಾವ ವಿಳಾಸ ಕೊಟ್ಟರೂ ತಂದುಕೊಡುವ ಪ್ರಾಕ್ಸಿ ಬರೆಯಬೇಡಿ. ಯಾರೋ ಬಂದು 169.254.169.254 ಎಂದು ಕೇಳುತ್ತಾರೆ. ಕ್ಲೌಡ್ ಸರ್ವರ್‌ಗಳಲ್ಲಿ ಆ ವಿಳಾಸದಲ್ಲಿ ಸರ್ವರಿನ ಒಳಮಾಹಿತಿ ಇರುತ್ತದೆ, ಕೆಲವು ಸಲ ಪಾಸ್‌ವರ್ಡಿಗೆ ಸಮನಾದದ್ದೂ ಇರುತ್ತದೆ. ನಿಮ್ಮ ಪ್ರಾಕ್ಸಿ ವಿಧೇಯವಾಗಿ ತಂದು ಕೊಡುತ್ತದೆ. ಎರಡೋ ಮೂರೋ ಕ್ಯಾಲೆಂಡರ್ ವಿಳಾಸವನ್ನು ಸರ್ವರಿನಲ್ಲೇ ಬರೆದಿಡಿ, ಪುಟ ಒಂದು ಹೆಸರು ಮಾತ್ರ ಹೇಳಲಿ.

ಪ್ರಾಕ್ಸಿ ಬೇರೆ ಸಬ್‌ಡೊಮೇನ್‌ನಲ್ಲಿದ್ದರೆ ಹೆಡರ್ ಹಾಕುವ ಕೆಲಸ ಈಗ ನಿಮ್ಮದು. ಇಲ್ಲಿ ಎರಡು ಗುಂಡಿಗಳಿವೆ, ಎರಡರಲ್ಲೂ ನಾನು ಬಿದ್ದಿದ್ದೇನೆ. ಎಂಜಿನ್‌ಎಕ್ಸ್ ಸರ್ವರಿನಲ್ಲಿ ಹೆಡರ್ ಸೇರಿಸುವ ಸಾಲು 200, 204, 301, 302ರಂಥ ಕೆಲವು ಸ್ಟೇಟಸ್‌ಗಳಿಗೆ ಮಾತ್ರ ಕೆಲಸ ಮಾಡುತ್ತದೆ. 404ಕ್ಕೂ 500ಕ್ಕೂ ಇಲ್ಲ. ಸಾಲಿನ ಕೊನೆಗೆ ‘ಆಲ್ವೇಸ್’ ಎಂದು ಬರೆದರೆ ಮಾತ್ರ ಎಲ್ಲದಕ್ಕೂ ಬರುತ್ತದೆ. ಇದು ಗೊತ್ತಿಲ್ಲದೆ ಸ್ಕ್ರಿಪ್ಟ್‌ನ 500 ದೋಷವನ್ನು ಕಾರ್ಸ್ ದೋಷ ಎಂದುಕೊಂಡು ಸೆಟ್ಟಿಂಗ್ ಮೇಲೆ ಸೆಟ್ಟಿಂಗ್ ಬದಲಿಸಿದ್ದೆ. ಕೊನೆಗೆ ನೋಡಿದರೆ ಕೋಡ್‌ನಲ್ಲಿ ಒಂದು ಅಲ್ಪವಿರಾಮ ಜಾಸ್ತಿ ಇತ್ತು.

ಎರಡನೆಯದು ಕ್ಯಾಶ್, ಅಂದರೆ ಉತ್ತರಗಳ ನಕಲು ಇಟ್ಟುಕೊಳ್ಳುವ ಜಾಗ. ಎರಡು ಸೈಟ್‌ಗಳಿಗೆ ಅನುಮತಿ ಇದೆ ಅಂದುಕೊಳ್ಳಿ. ಸರ್ವರ್ ಕೇಳಿದವರ ಹೆಸರನ್ನೇ ಹೆಡರಿನಲ್ಲಿ ತಿರುಗಿ ಬರೆದು ಕೊಡುತ್ತದೆ. ನಡುವಿನ ಕ್ಯಾಶ್ ಮೊದಲ ಸೈಟಿಗೆ ಕೊಟ್ಟ ಉತ್ತರವನ್ನು ಇಟ್ಟುಕೊಂಡು ಎರಡನೆಯವರಿಗೂ ಅದನ್ನೇ ಕೊಡುತ್ತದೆ. ಹೆಸರು ತಾಳೆಯಾಗುವುದಿಲ್ಲ, ಬ್ರೌಸರ್ ತಡೆಯುತ್ತದೆ. ಸ್ವಲ್ಪ ಹೊತ್ತಿಗೆ ಕ್ಯಾಶ್ ಹಳಸಿದಾಗ ತಾನಾಗಿಯೇ ಸರಿಹೋಗುತ್ತದೆ, ಆಮೇಲೆ ಮತ್ತೆ ಕೆಡುತ್ತದೆ. ಒಮ್ಮೆ ಬರುತ್ತದೆ ಒಮ್ಮೆ ಬರುವುದಿಲ್ಲ ಅನ್ನುವ ದೂರು ಬಂದರೆ ಮೊದಲು ಇದನ್ನೇ ಅನುಮಾನಿಸಿ. ಉತ್ತರದಲ್ಲಿ ‘ವೇರಿ: ಒರಿಜಿನ್’ ಎಂಬ ಹೆಡರ್ ಹಾಕಿದರೆ ಕ್ಯಾಶ್ ಒಬ್ಬೊಬ್ಬರಿಗೆ ಬೇರೆ ಪ್ರತಿ ಇಡುತ್ತದೆ. ಡೇಟಾ ಹೇಗೂ ಪಬ್ಲಿಕ್ ಆದರೆ *, ಅಂದರೆ ಯಾರು ಬೇಕಾದರೂ ಓದಲಿ, ಎಂದು ಹಾಕಿ ನೆಮ್ಮದಿಯಾಗಿರಿ. ಕುಕಿ ಕಳಿಸುವ ರಿಕ್ವೆಸ್ಟ್‌ಗೆ ಮಾತ್ರ * ನಡೆಯುವುದಿಲ್ಲ, ಅಲ್ಲಿ ಹೆಸರು ಹೇಳಲೇಬೇಕು.

ಕನ್ನಡದಲ್ಲಿ ಕಾರ್ಯಕ್ರಮದ ಹೆಸರು ಬರೆಯುವವರಿಗೆ ಒಂದು ಪಕ್ಕದ ಮಾತು. ಇದು ಕಾರ್ಸ್ ಅಲ್ಲ, ಆದರೆ ಕಾರ್ಸ್ ದಾಟಿದ ಮರುಕ್ಷಣ ಎದುರಾಗುತ್ತದೆ. ಐಸಿಎಸ್‌ನ ನಿಯಮ, ಅಂದರೆ 2009ರ ಆರ್‌ಎಫ್‌ಸಿ 5545, ಒಂದು ಸಾಲು 75 ಬೈಟ್ ಮೀರಬಾರದು ಅನ್ನುತ್ತದೆ. ಮೀರಿದರೆ ಮುರಿದು, ಮುಂದಿನ ಸಾಲನ್ನು ಒಂದು ಖಾಲಿ ಜಾಗದಿಂದ ಶುರು ಮಾಡಬೇಕು. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ನಮ್ಮ ಒಂದೊಂದು ಅಕ್ಷರಕ್ಕೂ, ಒಂದೊಂದು ಗುಣಿತದ ಚಿಹ್ನೆಗೂ ಮೂರು ಬೈಟ್. ಹಾಗಾಗಿ ಕನ್ನಡದ ಸಾಲು ಬೇಗ ಮುರಿಯುತ್ತದೆ. ಕೆಲವು ಸಾಫ್ಟ್‌ವೇರ್‌ಗಳು ಅಕ್ಷರದ ನಡುವೆಯೇ ಮುರಿಯುತ್ತವೆ. ಮೊದಲು ಟೆಕ್ಸ್ಟ್ ಮಾಡಿ ಆಮೇಲೆ ಸಾಲು ಸೇರಿಸಿದರೆ ಅಲ್ಲಲ್ಲಿ ಪ್ರಶ್ನಾರ್ಥಕ ಚಿಹ್ನೆಯ ಚೌಕ ಕಾಣುತ್ತದೆ. ಬೈಟ್ ಹಂತದಲ್ಲೇ ಸಾಲುಗಳನ್ನು ಸೇರಿಸಿ, ಆಮೇಲೆ ಟೆಕ್ಸ್ಟ್ ಮಾಡಿ.

ಕೊನೆಗೆ ಸಭೆಯಲ್ಲಿ ಬಂದ ಎರಡು ಪ್ರಶ್ನೆ.

ಒಬ್ಬರು ಕೇಳಿದರು: ಪಬ್ಲಿಕ್ ಅಲ್ಲದ ಕ್ಯಾಲೆಂಡರ್, ನೋಡುವವರದ್ದೇ ಸ್ವಂತ ಕ್ಯಾಲೆಂಡರ್ ತೋರಿಸಬೇಕು, ಏನು ಮಾಡಲಿ ಸರ್? ಅದಕ್ಕೆ ಓ-ಆಥ್ ಬೇಕು. ಅವರು ಲಾಗಿನ್ ಆಗಿ ಒಪ್ಪಿಗೆ ಕೊಡಬೇಕು, ಸಿಕ್ಕ ಟೋಕನ್ ಹಿಡಿದು ಎಪಿಐ ಕೇಳಬೇಕು. ಅಲ್ಲೂ ಒರಿಜಿನ್ ಬಿಡುವುದಿಲ್ಲ. ನಿಮ್ಮ ಪುಟದ ಒರಿಜಿನ್ ಅನ್ನು ಮೊದಲೇ ನೋಂದಾಯಿಸಬೇಕು, ಪೋರ್ಟ್ ಸಮೇತ, ಕೊನೆಗೆ ಪಾಥ್ ಇಲ್ಲದೆ. ಒಂದಕ್ಷರ ವ್ಯತ್ಯಾಸ ಆದರೂ ಮಿಸ್‌ಮ್ಯಾಚ್ ಎಂದು ಹೊರಗೆ ನಿಲ್ಲಿಸುತ್ತದೆ.

ಹಿಂದಿನ ಸಾಲಿನಲ್ಲಿದ್ದ ಒಬ್ಬರು ತಣ್ಣಗೆ ಕೇಳಿದ್ದು: ಇಷ್ಟೆಲ್ಲ ಯಾಕೆ? ಕ್ಯಾಲೆಂಡರಿನವರೇ ಕೊಡುವ ಐಫ್ರೇಮ್, ಅಂದರೆ ನಮ್ಮ ಪುಟದೊಳಗೆ ಅವರ ಪುಟ ತೋರಿಸುವ ಚೌಕಟ್ಟು, ಅಂಟಿಸಿದರೆ ಆಗುವುದಿಲ್ಲವಾ? ಆಗುತ್ತದೆ. ಐಫ್ರೇಮ್ ಒಳಗಿನ ಡೇಟಾವನ್ನು ನಿಮ್ಮ ಕೋಡ್ ಮುಟ್ಟಲು ಆಗುವುದಿಲ್ಲ, ಬಣ್ಣ ಅಕ್ಷರ ನಿಮಗೆ ಬೇಕಾದ ಹಾಗೆ ಬರುವುದಿಲ್ಲ. ಬರೀ ತೋರಿಸಬೇಕು ಅಂದರೆ ಎರಡು ನಿಮಿಷದ ಕೆಲಸ. ಆ ಸಂಘದವರಿಗೂ ಅಷ್ಟೇ ಸಾಕಾಗಿತ್ತಂತೆ. ಪುಟ ಕೊಟ್ಟ ಮೇಲೆ ಅವರೇ ಹೇಳಿದರು. ನಾನು ಮೊದಲು ಕೇಳಿರಲಿಲ್ಲ.